ಹಡಗು ಹತ್ತುವ ಮುಂಚೆ ಒಂದಿಷ್ಟು ಚಿಲ್ಲರೆ ಮಾತು

ಮೈಸೂರು
ಭಾನುವಾರ

ಚಿ. ಮೇಘನಾ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಎಕ್ಸೆಲ್ ಹಾಳೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ಓದಿದೆ. ಕೋಪನ್‌ಹೇಗನ್ನಿನಲ್ಲಿ ಹಡಗು ಹತ್ತುವುದು, ಪೋಲೆಂಡಿನ ಗ್ದಿನಿಯಾ, ಎಸ್ಟೋನಿಯಾದ ಟಾಲಿನ್, ಆಮೇಲೆ ಹೆಲ್ಸಿಂಕಿ, ಸ್ಟಾಕ್‌ಹೋಮ್, ತಿರುಗಿ ಕೋಪನ್‌ಹೇಗನ್. ಸ್ವಂತ ದುಡಿಮೆಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿದ್ದೀಯ. ನಿಮ್ಮಮ್ಮ ಈ ಸುದ್ದಿಯನ್ನು ನನಗೆ ಮೂರು ಸಲ ಹೇಳಿದಳು, ಪ್ರತಿ ಸಲವೂ ಮೊದಲ ಸಲ ಹೇಳುವ ಹಾಗೆ.

ಆದರೆ ಹಾಳೆಯಲ್ಲಿ ನಾಲ್ಕು ಕರೆನ್ಸಿಗೆ ನಾಲ್ಕು ಕಂಬ ಮಾಡಿ, ಒಂದೊಂದರ ಕೆಳಗೂ 15,000 ರೂಪಾಯಿಯ ನಗದು ಎಂದು ಬರೆದಿದ್ದೀಯಲ್ಲ, ಅದರಲ್ಲಿ ಮೂರು ಕಂಬ ಅಳಿಸು. ಇಷ್ಟು ಹೇಳುವುದಕ್ಕೆ ಪತ್ರ ಬೇಕೇ ಎನ್ನಬೇಡ. ಫೋನಿನಲ್ಲಿ ಹೇಳಿದರೆ ನೀನು ‘ಹ್ಞೂಂ ಮಾವ, ಹ್ಞೂಂ ಮಾವ’ ಎನ್ನುತ್ತಾ ಆಫೀಸಿನ ಕೆಲಸ ಮಾಡುತ್ತಿರುತ್ತೀಯ, ಕೀಲಿಮಣೆ ಕುಟ್ಟುವ ಸದ್ದು ನನಗೆ ಕೇಳಿಸುತ್ತದೆ.

ಹಡಗಿನ ಪ್ರವಾಸದ ದುಡ್ಡಿನ ಲೆಕ್ಕವೇ ಬೇರೆ. ನೆಲದ ಮೇಲೆ ದೇಶ ಸುತ್ತುವವರು ಇವತ್ತು ಉಳಿದ ನೋಟನ್ನು ನಾಳೆ ಬೆಳಗಿನ ಕಾಫಿಗೆ ಕೊಡುತ್ತಾರೆ. ನಿಮಗೆ ಒಂದೊಂದು ದೇಶವೂ ಸಿಗುವುದು ಏಳೆಂಟು ಗಂಟೆ. ಊಟ, ನಿದ್ದೆ ಎಲ್ಲ ಹಡಗಿನಲ್ಲಿ. ಸಂಜೆ ಹಡಗು ದಡ ಬಿಟ್ಟಿತೆಂದರೆ ಜೇಬಿನಲ್ಲಿ ಉಳಿದ ಪೋಲೆಂಡಿನ ಜ್ಲೋಟಿ ಮರುದಿನದ ಬಂದರಿನಲ್ಲಿ ನಡೆಯುವುದಿಲ್ಲ. ಅದನ್ನು ಮತ್ತೆ ಯೂರೋಗೆ, ಯೂರೋದಿಂದ ಕ್ರೋನಾಗೆ ಬದಲಿಸುತ್ತಾ ಹೋದರೆ ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ಪ್ರತಿ ತಿರುವಿನಲ್ಲೂ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ಅಂತರವನ್ನು ನೀನೇ ತೆರುತ್ತೀಯ. ಆದ್ದರಿಂದ ಊರಿಂದ ಒಯ್ಯಬೇಕಾದ ನಗದು ಯೂರೋ ಒಂದೇ, ಅದೂ ಮೂವರಿಗೆ ಸೇರಿ 200ರೊಳಗೆ. ಟಾಲಿನ್ ಮತ್ತು ಹೆಲ್ಸಿಂಕಿ ಎರಡರಲ್ಲೂ ಅದು ನಡೆಯುತ್ತದೆ. ಫಿನ್ಲೆಂಡಿನಲ್ಲಿ ಯೂರೋ ನೋಟು 2002ರಿಂದಲೇ ಇದೆ, ಎಸ್ಟೋನಿಯಾ 2011ರಲ್ಲಿ ತನ್ನ ಕ್ರೂನ್ ಬಿಟ್ಟು ಯೂರೋಗೆ ಬಂತು. ಕೊಳ್ಳುವಾಗ 5, 10, 20ರ ನೋಟೇ ಬೇಕೆಂದು ಬಾಯಿಬಿಟ್ಟು ಕೇಳು. ಕೌಂಟರಿನವರು ದೊಡ್ಡ ನೋಟು ದಾಟಿಸಲು ನೋಡುತ್ತಾರೆ. ಇದು ಕೌಂಟರಿನ ಆ ಕಡೆ ಕೂತಿದ್ದವನ ಮಾತು.

ಡೆನ್ಮಾರ್ಕಿನದು ಕ್ರೋನೆ, ಸ್ವೀಡನ್ನಿನದು ಕ್ರೋನಾ. ಹೆಸರು ಅಣ್ಣತಮ್ಮಂದಿರ ಹಾಗಿದೆ ಎಂದು ಒಂದರ ಬದಲು ಇನ್ನೊಂದು ಕೊಡಲು ಹೋಗಬೇಡಿ. ಒಂದು ಕಾಲದಲ್ಲಿ ಅದೂ ನಡೆಯುತ್ತಿತ್ತು. 1873ರಲ್ಲಿ ಡೆನ್ಮಾರ್ಕ್, ಸ್ವೀಡನ್ ಸೇರಿ ಒಂದು ನಾಣ್ಯ ಒಕ್ಕೂಟ ಮಾಡಿಕೊಂಡವು, 1875ರಲ್ಲಿ ನಾರ್ವೆ ಸೇರಿತು. ಮೂರೂ ದೇಶದ ಕ್ರೋನ್‌ನಲ್ಲಿ ಇಷ್ಟೇ ಚಿನ್ನ ಎಂದು ಗೊತ್ತು ಮಾಡಿದ್ದರಿಂದ ಒಬ್ಬರ ನಾಣ್ಯ ಇನ್ನೊಬ್ಬರ ಅಂಗಡಿಯಲ್ಲಿ ಹಾಗೇ ಚಲಾವಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಬಂದು ಚಿನ್ನದ ಲೆಕ್ಕ ಕೆಟ್ಟಿತು, ಒಕ್ಕೂಟವೂ ಮುರಿಯಿತು. ಈಗ ಡೆನ್ಮಾರ್ಕಿನವರು ತಮ್ಮ ಕ್ರೋನೆಯನ್ನು ಯೂರೋಗೆ ಗಂಟು ಹಾಕಿದ್ದಾರೆ, ಒಂದು ಯೂರೋಗೆ 7.46ರ ಆಸುಪಾಸಿನಿಂದ ಅದು ಅಲುಗುವುದಿಲ್ಲ. ಸ್ವೀಡನ್ನಿನವರು 2003ರಲ್ಲಿ ಮತ ಹಾಕಿ ಯೂರೋ ಬೇಡವೆಂದರು, ಅವರ ಕ್ರೋನಾ ಏರುತ್ತದೆ, ಇಳಿಯುತ್ತದೆ. ಬಾಯಿಲೆಕ್ಕಕ್ಕೆ ಸದ್ಯ ಇಷ್ಟು ಸಾಕು: ಯೂರೋ 100 ರೂಪಾಯಿಯ ಮೇಲೆ, ಜ್ಲೋಟಿ 25ರ ಹತ್ತಿರ, ಡೆನ್ಮಾರ್ಕಿನದು 14, ಸ್ವೀಡನ್ನಿನದು ಒಂಬತ್ತು ಹತ್ತು. ಹೊರಡುವ ವಾರ ಮತ್ತೊಮ್ಮೆ ನೋಡಿಕೋ. ನಿಮ್ಮಪ್ಪ ಹೇಗೂ ಪ್ರತಿ ಕಾಫಿಯನ್ನೂ ರೂಪಾಯಿಗೆ ಗುಣಿಸಿಯೇ ಕುಡಿಯುವುದು. ಆ ಚಟ ಬಿಡಿಸಲು ಹೋಗಬೇಡ, ಗುಣಾಕಾರ ಸರಿ ಇದ್ದರಾಯಿತು.

ಈಗ ಕಾರ್ಡಿನ ವಿಷಯ. ನಾನು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗಕ್ಕೆ ಬಂದಾಗ ವಿದೇಶಿ ಹಣವನ್ನು ಬಿಗಿಯಾಗಿ ಹಿಡಿದಿದ್ದ ಫೆರಾ ಕಾಯ್ದೆಯ ಕಾಲ. ಹೊರದೇಶಕ್ಕೆ ಹೋಗುವವರಿಗೆ ಕೊಟ್ಟ ಡಾಲರನ್ನು ಅವರ ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ಬರೆದು ಮುದ್ರೆ ಒತ್ತುತ್ತಿದ್ದೆವು, ಟ್ರಾವೆಲರ್ಸ್ ಚೆಕ್ಕಿನ ಮೇಲೆ ನಮ್ಮೆದುರೇ ಸಹಿ ಹಾಕಿಸುತ್ತಿದ್ದೆವು. 2000ದಲ್ಲಿ ಅದರ ಜಾಗಕ್ಕೆ ಫೆಮಾ ಕಾಯ್ದೆ ಬಂದ ಮೇಲೆ ಬಿಗಿ ಸಡಿಲವಾಯಿತು. ಈಗ ಒಬ್ಬೊಬ್ಬರು ಹಣಕಾಸು ವರ್ಷಕ್ಕೆ 2,50,000 ಡಾಲರ್ ತನಕ ಕಳಿಸಬಹುದು, ಒಯ್ಯಬಹುದು. ನೋಟಿನ ರೂಪದಲ್ಲಿ ಮಾತ್ರ ನೀವು ಹೋಗುವಂಥ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮಿತಿ. ನಿಮಗೆ ಆ ಮಿತಿಯ ಗೊಡವೆಯೇ ಇಲ್ಲ. ನಿಮ್ಮ ತೊಡಕು ಇರುವುದು ಚಿಕ್ಕ ಕಡೆ. ರಿಸರ್ವ್ ಬ್ಯಾಂಕಿನ 2020ರ ನಿಯಮದ ಪ್ರಕಾರ ಹೊಸದಾಗಿ ಕೊಟ್ಟ ಕಾರ್ಡು ದೇಶದೊಳಗೆ ಮಾತ್ರ ನಡೆಯುತ್ತದೆ, ಹೊರದೇಶದ ಬಳಕೆಯನ್ನು ನಾವೇ ಆಪ್‌ನಲ್ಲಿ ತೆರೆಯಬೇಕು. ಟ್ಯಾಪ್ ಮಾಡಿ ಕೊಡುವುದಕ್ಕೆ ಬೇರೆ ಗುಂಡಿ, ಎಟಿಎಂಗೆ ಬೇರೆ ಗುಂಡಿ. ಊರಲ್ಲಿ ಕೂತು ಒತ್ತಿದರೆ ಅರ್ಧ ನಿಮಿಷ. ಕೋಪನ್‌ಹೇಗನ್ನಿನ ರೈಲು ನಿಲ್ದಾಣದಲ್ಲಿ ನಿಂತು ಒತ್ತಲು ಹೋದರೆ ಓಟಿಪಿ ಬರುವ ನಂಬರು ಮನೆಯ ಬೀರುವಿನಲ್ಲಿ ಇರುತ್ತದೆ.

ಎರಡು ಕಾರ್ಡಿಗೆ ಎರಡು ಕೆಲಸ ಹಂಚಿಬಿಡು. ಹಡಗಿನ ಖಾತೆಗೆ ಕ್ರೆಡಿಟ್ ಕಾರ್ಡು, ದಡದ ಖರ್ಚಿಗೆ ಮೊದಲೇ ವಿದೇಶಿ ಹಣ ತುಂಬಿಸಿದ ಫಾರೆಕ್ಸ್ ಕಾರ್ಡು. ಹತ್ತಿದ ಕೂಡಲೇ ನಿಮ್ಮ ಕೈಗೆ ಒಂದೊಂದು ಪ್ಲಾಸ್ಟಿಕ್ ಕಾರ್ಡು ಕೊಡುತ್ತಾರೆ. ಕೋಣೆಯ ಬೀಗದ ಕೈಯೂ ಅದೇ, ಹಡಗು ಇಳಿದು ಹತ್ತುವ ಗುರುತೂ ಅದೇ, ಸಾಲದ ಪುಸ್ತಕವೂ ಅದೇ. ನಗದು ಹಡಗಿನಲ್ಲಿ ಹೆಚ್ಚು ಕಡಿಮೆ ನಡೆಯುವುದೇ ಇಲ್ಲ. ನೀವು ಕೊಟ್ಟ ಬ್ಯಾಂಕ್ ಕಾರ್ಡಿನಲ್ಲಿ ಅವರು ಒಂದಿಷ್ಟು ಮೊತ್ತವನ್ನು ಮುಂಗಡವಾಗಿ ತಡೆಹಿಡಿಯುತ್ತಾರೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡು ಕೊಟ್ಟರೆ ಆ ದುಡ್ಡು ನಿನ್ನದೇ ಆಗಿಯೂ ನಿನ್ನ ಕೈಗೆ ಸಿಗುವುದಿಲ್ಲ, ಇಳಿದು ಮನೆಗೆ ಬಂದ ಮೇಲೂ ಬಿಡುಗಡೆಯಾಗಲು ಕೆಲವು ದಿನ ಹಿಡಿಯಬಹುದು. ಬಾಲ್ಟಿಕ್ ಸಮುದ್ರದಲ್ಲಿ ತೇಲುತ್ತಿದ್ದರೂ ಅಮೆರಿಕದ ಕಂಪನಿಯ ಹಡಗಿನೊಳಗೆ ಲೆಕ್ಕ ಡಾಲರಿನಲ್ಲಿ, ಇಟಲಿಯ ಮೂಲದವಾದರೆ ಯುರೋಪಿನಲ್ಲಿ ಸಾಮಾನ್ಯವಾಗಿ ಯೂರೋದಲ್ಲಿ. ನಿಮ್ಮದು ಯಾವುದೆಂದು ಟಿಕೆಟ್ಟಿನಲ್ಲಿ ನೋಡು.

ನಿನ್ನ ಹಾಳೆಯಲ್ಲಿ ಟಿಪ್ಸ್ ಇರಲಿಲ್ಲ. ಅದು ಅಲ್ಲಿ ನಾವಾಗಿ ಕೈಗೆ ಕೊಡುವ ದಕ್ಷಿಣೆಯಲ್ಲ. ಅಮೆರಿಕದ ಅನೇಕ ಹಡಗುಗಳಲ್ಲಿ ದಿನಕ್ಕೆ ತಲಾ 16ರಿಂದ 20 ಡಾಲರ್ ತಾನಾಗಿ ಖಾತೆಗೆ ಬೀಳುತ್ತದೆ. ಮೂವರಿಗೆ ಹತ್ತು ರಾತ್ರಿಗೆ 480ರಿಂದ 600 ಡಾಲರ್. ಕೊನೆಯ ರಾತ್ರಿ ಬಾಗಿಲ ಕೆಳಗಿಂದ ಬಿಲ್ಲು ಜಾರಿಸಿದಾಗ ನಿಮ್ಮಪ್ಪ ಹಾಸಿಗೆಯಿಂದ ಎದ್ದು ಕೂರುವುದಕ್ಕಿಂತ ಈಗಲೇ ಹಾಳೆಯಲ್ಲಿ ಸೇರಿಸು. ಹಡಗಿನಲ್ಲಿ ಯಾವುದು ಪುಕ್ಕಟೆ, ಯಾವುದು ಅಲ್ಲ ಎನ್ನುವುದನ್ನೂ ಮೊದಲ ದಿನವೇ ಇಬ್ಬರಿಗೂ ಹೇಳಿಬಿಡು. ಬಫೆ, ದೊಡ್ಡ ಊಟದ ಹಾಲ್, ಮಾಮೂಲಿ ಕಾಫಿ ಟೀ ಟಿಕೆಟ್ಟಿನಲ್ಲೇ ಬಂತು. ನೊರೆ ಕಾಫಿ, ತಂಪು ಪಾನೀಯ, ಏಣಿ ಹತ್ತುವಾಗ ತೆಗೆಯುವ ಫೋಟೋ, ವೈಫೈ, ಕೆಲವು ಕಡೆ ಬಂದರಿನಿಂದ ಊರಿಗೆ ಬಿಡುವ ಬಸ್ಸು, ಇವಕ್ಕೆಲ್ಲ ದುಡ್ಡು. ಹೇಳದಿದ್ದರೆ ಏನಾಗುತ್ತದೆ ಗೊತ್ತಾ? ನಿಮ್ಮಪ್ಪ ಎಲ್ಲವೂ ಪುಕ್ಕಟೆ ಎಂದುಕೊಳ್ಳುತ್ತಾರೆ, ನಿಮ್ಮಮ್ಮ ಎಲ್ಲದಕ್ಕೂ ದುಡ್ಡು ಎಂದುಕೊಂಡು ನೀರಿನ ಬಾಟಲಿ ಹಿಡಿದು ಕೂರುತ್ತಾಳೆ.

ದಡದ ಮೇಲೆ ನೀನು ಕಲಿಯಬೇಕಾದ ವಿದ್ಯೆ ಒಂದೇ, ‘ಬೇಡ’ ಎನ್ನುವುದು. ಅಂಗಡಿಯ ಯಂತ್ರಕ್ಕೆ ಕಾರ್ಡು ತಾಗಿಸಿದ ಕೂಡಲೇ ಅದಕ್ಕೆ ನೀನು ಭಾರತದವಳು ಎಂದು ಗೊತ್ತಾಗುತ್ತದೆ. ಪರದೆಯ ಮೇಲೆ ಎರಡು ಮೊತ್ತ ಮೂಡುತ್ತವೆ, ಒಂದು ಕ್ರೋನೆಯಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ಕಂಡರೆ ಪರಊರಿನಲ್ಲಿ ನೆಂಟರು ಸಿಕ್ಕಷ್ಟು ಸಂತೋಷವಾಗುತ್ತದೆ, ಬೆರಳು ತಾನಾಗಿ ಆ ಕಡೆ ಹೋಗುತ್ತದೆ. ಹೋಗಗೊಡಬೇಡ. ಆ ರೂಪಾಯಿಯ ದರ ಕಟ್ಟುವವರು ಅಂಗಡಿಯ ಯಂತ್ರದ ಕಡೆಯವರು, ಅದರೊಳಗೆ ಅವರ ಲಾಭ ಸೇರಿರುತ್ತದೆ. ನಿನ್ನ ಕ್ರೆಡಿಟ್ ಕಾರ್ಡಿನ ಬ್ಯಾಂಕು ಸಾಮಾನ್ಯವಾಗಿ ಶೇ. 2ರಿಂದ 3.5 ಮತ್ತು ಅದರ ಮೇಲಿನ ಜಿಎಸ್‌ಟಿ ಹಾಕುತ್ತದೆ. ಯಂತ್ರದ ರೂಪಾಯಿ ಅದಕ್ಕಿಂತ ಬಹಳ ದುಬಾರಿಯಾಗಬಹುದು, ಸಾಲದ್ದಕ್ಕೆ ಹೊರದೇಶದಲ್ಲಿ ರೂಪಾಯಿಯಲ್ಲಿ ಕೊಟ್ಟದ್ದಕ್ಕೂ ನಮ್ಮ ಕೆಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ. ಫಾರೆಕ್ಸ್ ಕಾರ್ಡಿನಲ್ಲಾದರೆ ಹೊರಡುವ ಮುಂಚೆ ಯೂರೋ ತುಂಬು. ಕ್ರೋನೆ, ಜ್ಲೋಟಿಗೆ ಅದರಲ್ಲಿ ಬೇರೆ ಖಾನೆ ಇದೆಯೇ, ಇಲ್ಲದಿದ್ದರೆ ಯೂರೋದಿಂದ ಕತ್ತರಿಸಿಕೊಳ್ಳುವಾಗ ಎಷ್ಟು ಶುಲ್ಕ ಎಂದು ಕೇಳಿ ಬರೆಸಿಕೋ.

ಈ ‘ಬೇಡ’ ಅತಿ ಹೆಚ್ಚು ಬೇಕಾಗುವುದು ಪೋಲೆಂಡಿನಲ್ಲಿ. ಗ್ದಿನಿಯಾ ಬಂದರಿನಲ್ಲಿ ಇಳಿದು ಲೋಕಲ್ ರೈಲಿನಲ್ಲಿ ಗ್ದಾನ್ಸ್ಕ್‌ಗೆ ಹೋಗುತ್ತೀರಿ. ಹಳೇ ಊರಿನ ತುಂಬ ಎಟಿಎಂ. ನೂರು ಜ್ಲೋಟಿ ಕೇಳಿದರೆ ‘ಪರಿವರ್ತನೆಯೊಂದಿಗೆ’, ‘ಪರಿವರ್ತನೆಯಿಲ್ಲದೆ’ ಎಂದು ಎರಡು ದಾರಿ ತೋರಿಸುತ್ತದೆ. ಮೊದಲನೆಯದು ಹೊಳೆಯುವ ಬಣ್ಣದಲ್ಲಿ ದೊಡ್ಡದಾಗಿರುತ್ತದೆ, ಎರಡನೆಯದು ಮೂಲೆಯಲ್ಲಿ ಬಡಪಾಯಿಯ ಹಾಗೆ. ನಿನ್ನದು ಎರಡನೆಯದು. ಒಪ್ಪದಿದ್ದರೆ ದುಡ್ಡು ಬಾರದೇನೋ ಎಂಬಂತೆ ಮತ್ತೊಮ್ಮೆ ಕೇಳುತ್ತದೆ. ಮತ್ತೊಮ್ಮೆ ಬೇಡ ಎನ್ನು, ನೋಟು ಬರುತ್ತದೆ. ಆದಷ್ಟು ಬ್ಯಾಂಕಿನ ಗೋಡೆಗೆ ಅಂಟಿದ ಎಟಿಎಂ ಹುಡುಕು. ನೋಟನ್ನೇ ಬದಲಿಸುವುದಾದರೆ ‘ಕಾಂತೋರ್’ ಎಂಬ ಹಲಗೆಯ ಪುಟ್ಟ ಅಂಗಡಿಗಳಿವೆ. ಬಾಗಿಲಲ್ಲಿ ಎರಡು ಸಾಲು: ‘ಕುಪ್ನೊ’ ಎಂದರೆ ಅವರು ನಿನ್ನ ಯೂರೋ ಕೊಳ್ಳುವ ದರ, ‘ಸ್ಪ್ಶೆದಾಶ್’ ಎಂದರೆ ಅವರು ನಿನಗೆ ಮಾರುವ ದರ. ನಿನಗೆ ಬೇಕಾದ್ದು ಕುಪ್ನೊ. ಎರಡರ ನಡುವೆ ಕೆಲವೇ ಪೈಸೆಯ ಅಂತರವಿದ್ದರೆ ಅಂಗಡಿ ಮರ್ಯಾದಸ್ಥರದು, ಅಂತರ ಅಗಲವಾಗಿದ್ದರೆ ಮುಂದಿನ ಅಂಗಡಿಗೆ ನಡೆ. ರಸ್ತೆಯಲ್ಲಿ ಬಂದು ಒಳ್ಳೆಯ ದರ ಕೊಡುತ್ತೇನೆ ಎನ್ನುವವನ ಮುಖವನ್ನೂ ನೋಡಬೇಡ. 1995ರಲ್ಲಿ ಅವರು ಹತ್ತು ಸಾವಿರ ಹಳೇ ಜ್ಲೋಟಿಗೆ ಒಂದು ಹೊಸ ಜ್ಲೋಟಿ ಎಂದು ಸೊನ್ನೆ ಅಳಿಸಿದರು. ಅಂಥ ಸೊನ್ನೆ ತುಂಬಿದ ನೋಟು ಯಾರಾದರೂ ಕೊಟ್ಟರೆ ಅದು ಬರೀ ಕಾಗದ.

ಇಷ್ಟೆಲ್ಲ ಹೇಳಿದವನೇ ಇದನ್ನೂ ಹೇಳುತ್ತೇನೆ, ದರ ಹುಡುಕುವುದರಲ್ಲೇ ಹೊತ್ತು ಕಳೆಯಬೇಡ. ಟಿಕೆಟ್ಟು, ವಿಮಾನ, ವೀಸಾ ಎಲ್ಲ ಕೂಡಿಸಿ, ಬಂದರುಗಳಲ್ಲಿ ಒಟ್ಟು ಸಿಗುವ ಗಂಟೆಗಳಿಂದ ಭಾಗಿಸು. ಗಂಟೆಗೆ ಎಷ್ಟು ಸಾವಿರ ಬಿತ್ತು ಎಂದು ನಿನ್ನ ಎಕ್ಸೆಲ್ಲೇ ಹೇಳುತ್ತದೆ. ನಲವತ್ತು ರೂಪಾಯಿ ಉಳಿಸಲು ಮೂರು ಕಾಂತೋರ್ ಸುತ್ತಿದರೆ ಆ ಗಂಟೆಗಳಲ್ಲಿ ಒಂದು ಹೋಯಿತು.

ಇಷ್ಟರವರೆಗೆ ಹೇಳಿದ್ದನ್ನು ನಿನ್ನ ಟ್ರಾವೆಲ್ ಏಜೆಂಟೂ ಹೇಳಿಯಾನು. ನಾನು ಪತ್ರ ಬರೆಯಲು ಕೂತದ್ದು ಮುಂದಿನದಕ್ಕೆ.

ನಾನೂ ನಿನ್ನತ್ತೆಯೂ ಆ ಕಡೆ ಹೋಗಿದ್ದಾಗ ಗ್ದಾನ್ಸ್ಕ್‌ನ ಹಳೇ ಬೀದಿಯ ಪಕ್ಕ, ಅಂಬರ್ ಮಣಿಸರದ ಅಂಗಡಿಗಳ ಹಿಂದೆ, ಒಂದು ಶೌಚಾಲಯ. ಬಾಗಿಲಲ್ಲಿ ಒಬ್ಬಾಕೆ ಪುಟ್ಟ ಮೇಜು ಹಾಕಿಕೊಂಡು ಕೂತಿದ್ದಳು, ಮೇಜಿನ ಮೇಲೆ ಚಿಲ್ಲರೆಯ ತಟ್ಟೆ. ಅಲ್ಲಿ ನಮ್ಮದೇ ಹಡಗಿನ ಒಬ್ಬ ಹೆಂಗಸು ನಿಂತಿದ್ದರು, ನಿಮ್ಮಮ್ಮನ ವಯಸ್ಸು, ಸೀರೆಯ ಮೇಲೆ ಗಂಡಸರ ಜರ್ಕಿನ್. ಚೀಲದಿಂದ ಒಂದೊಂದೇ ತೆಗೆದು ನೋಡುತ್ತಿದ್ದರು: ನೂರು ರೂಪಾಯಿಯ ಎರಡು ನೋಟು, ಮಾತ್ರೆಯ ಡಬ್ಬಿ, ಏಲಕ್ಕಿಯ ಪೊಟ್ಟಣ. ಕೊನೆಗೆ ಹಡಗಿನ ಕಾರ್ಡನ್ನೇ ತಟ್ಟೆಯವಳಿಗೆ ತೋರಿಸಿದರು. ಅವಳು ತಲೆಯಾಡಿಸಿದಳು. ಮಗ ಕಾರ್ಡುಗಳನ್ನೆಲ್ಲ ಜೇಬಿನಲ್ಲಿಟ್ಟುಕೊಂಡು ಆ ಊರಿನ ಹಳೇ ಕಾಲದ ಕ್ರೇನಿನ ಫೋಟೋ ತೆಗೆಯಲು ನದಿಯ ಕಡೆ ಹೋಗಿದ್ದ. ನಿನ್ನತ್ತೆ ಹಿಂದಿನಿಂದ ಹೋಗಿ ಎರಡು ಬಿಲ್ಲೆ ತಟ್ಟೆಗೆ ಹಾಕಿದಳು. ಆಕೆ ಒಳಗೆ ಹೋದರು, ಬಂದರು, ನಮ್ಮ ಕಡೆ ನೋಡದೆ ಬೀದಿಗೆ ಇಳಿದರು. ಅದಾದ ಮೇಲೆ ಹಡಗಿನ ಊಟದ ಹಾಲಿನಲ್ಲಿ ಕಂಡರೂ ಬೇರೆ ಮೇಜಿಗೆ ಹೋಗುತ್ತಿದ್ದರು. ಆ ಹುಡುಗ ಕೆಟ್ಟವನೇನಲ್ಲ. ತಾಯಿಯ ಕೋಣೆಗೆ ಬಾಲ್ಕನಿಯೇ ಬೇಕೆಂದು ಹೆಚ್ಚು ದುಡ್ಡು ಕೊಟ್ಟಿದ್ದನಂತೆ.

ನಿಮ್ಮಮ್ಮ ಮದುವೆಯಾದಾಗಿನಿಂದ ಮನೆಯ ಹಾಲಿನವನ, ಹೂವಿನವಳ, ಸೊಪ್ಪಿನವಳ ಲೆಕ್ಕ ನಡೆಸಿದವಳು. ಸಾಸಿವೆ ಡಬ್ಬಿಯ ದುಡ್ಡಿನಲ್ಲಿ ನಿನ್ನ ಶಾಲೆಯ ಪ್ರವಾಸದ ಫೀಸು ಕಟ್ಟಿದವಳು. ಹಡಗು ಹತ್ತಿದ ದಿನದಿಂದ ಅವಳ ಕೈ ಬರಿದಾಗುತ್ತದೆ. ದುಡ್ಡೆಲ್ಲ ನಿನ್ನ ಫೋನಿನಲ್ಲಿ, ನಿನ್ನ ಕಾರ್ಡಿನಲ್ಲಿ. ಒಂದು ನಿಂಬೆಹಣ್ಣಿನ ಶರಬತ್ತಿಗೂ ಮಗಳ ಕಡೆ ತಿರುಗಬೇಕು. ಅವಳು ಕೇಳುವುದಿಲ್ಲ, ‘ನಂಗೇನೂ ಬೇಡಮ್ಮ’ ಎನ್ನುತ್ತಾಳೆ, ನೀನು ನಿಜವೆಂದು ನಂಬುತ್ತೀಯ.

ಆದ್ದರಿಂದ ಹೀಗೆ ಮಾಡು. ಅವಳ ಹೆಸರಿನಲ್ಲೇ ಒಂದು ಫಾರೆಕ್ಸ್ ಕಾರ್ಡು ಮಾಡಿಸು. ಪ್ಯಾನ್, ಪಾಸ್‌ಪೋರ್ಟ್ ಎರಡೂ ಇವೆಯಲ್ಲ. ನೂರೈವತ್ತು ಯೂರೋ ತುಂಬಿಸು, ಅದರ ಲೆಕ್ಕ ಕೇಳಬೇಡ. ಟ್ಯಾಪ್ ಮಾಡುವುದನ್ನು ಇಲ್ಲೇ ಅಂಗಡಿಯಲ್ಲಿ ಅವಳ ಬೇರೆ ಕಾರ್ಡಿನಿಂದ ಅಭ್ಯಾಸ ಮಾಡಿಸು. ಪಿನ್ನು ಅವಳೇ ಆರಿಸಿಕೊಳ್ಳಲಿ. ಕಾರ್ಡಿನ ಜೊತೆಗೆ ಚಿಲ್ಲರೆಯ ಸಂಚಿ ಬೇರೆ. ಗ್ದಿನಿಯಾದಲ್ಲಿ ನೂರು ಜ್ಲೋಟಿ ತೆಗೆದ ಕೂಡಲೇ ಒಂದು ನೀರಿನ ಬಾಟಲಿ ಕೊಂಡು ನೋಟು ಒಡೆಸಿ, ಬಂದ ಬಿಲ್ಲೆಗಳನ್ನೂ ಇಪ್ಪತ್ತರ ಒಂದು ನೋಟನ್ನೂ ಅವಳ ಕೈಗೆ ಹಾಕು. ಟಾಲಿನ್‌ನಲ್ಲಿ ಐದರ ಯೂರೋ ನೋಟು ನಾಲ್ಕು ಕೊಟ್ಟು ಬಿಡು. ಕೋಟೆಯೊಳಗಿನ ಊರು ಬಂದರಿನಿಂದ ನಡೆದು ಹೋಗುವಷ್ಟೇ ದೂರ, ಕಲ್ಲುಹಾಸಿನ ಬೀದಿಯಲ್ಲಿ ಹೆಣೆದ ಉಣ್ಣೆಯ ಕೈಗವಸು ಮಾರುತ್ತಾರೆ. ಅವಳು ಚೌಕಾಸಿ ಮಾಡಲಿ. ನಿನಗೆ ನಾಚಿಕೆಯಾದರೆ ಎರಡು ಹೆಜ್ಜೆ ದೂರ ನಿಲ್ಲು.

ಹೆಲ್ಸಿಂಕಿ ನಿಮ್ಮ ಕೊನೆಯ ಯೂರೋ ಊರು, ಬಿಲ್ಲೆಗಳನ್ನು ಅಲ್ಲೇ ಮುಗಿಸಬೇಕು, ಊರಿಗೆ ಬಂದ ಮೇಲೆ ಹಣ ಬದಲಿಸುವವರು ನೋಟು ತೆಗೆದುಕೊಳ್ಳುತ್ತಾರೆಯೇ ಹೊರತು ನಾಣ್ಯ ಮುಟ್ಟುವುದಿಲ್ಲ. ಬಂದರಿನ ಪಕ್ಕದ ಸಂತೆ ಚೌಕದಲ್ಲಿ ಬೆರ್ರಿ ಹಣ್ಣು, ಬಟಾಣಿ ಮಾರುತ್ತಾರೆ, ಮೀನಿನ ಸಾರೂ ಇದೆ, ನಿಮ್ಮಪ್ಪ ಮೂಗು ಮುಚ್ಚಿಕೊಂಡು ಮುಂದೆ ಹೋಗಲಿ. ಫಿನ್ಲೆಂಡಿನಲ್ಲಿ ಒಂದು, ಎರಡು ಸೆಂಟಿನ ಬಳಕೆಯಿಲ್ಲ. ನಗದು ಕೊಟ್ಟರೆ ಮೊತ್ತವನ್ನು ಐದಕ್ಕೆ ಸರಿಹೊಂದಿಸುತ್ತಾರೆ. ಚಿಲ್ಲರೆ ಕಡಿಮೆ ಕೊಟ್ಟರೆಂದು ನಿಮ್ಮಮ್ಮ ಜಗಳಕ್ಕೆ ನಿಂತರೆ ಇದನ್ನು ಹೇಳು. ಯೂರೋ ನಾಣ್ಯದ ಒಂದು ಮುಖ ಎಲ್ಲ ಕಡೆ ಒಂದೇ, ಇನ್ನೊಂದು ಮುಖ ಆಯಾ ದೇಶದ್ದು: ಫಿನ್ಲೆಂಡಿನ ಒಂದು ಯೂರೋದಲ್ಲಿ ಹಾರುವ ಎರಡು ಹಂಸ, ಎಸ್ಟೋನಿಯಾದ್ದರಲ್ಲಿ ಅದರ ನಕ್ಷೆ. ಅವಳು ಒಂದೆರಡು ಎತ್ತಿಟ್ಟುಕೊಂಡರೆ ಇಟ್ಟುಕೊಳ್ಳಲಿ. ಉಳಿದ ವಿದೇಶಿ ನೋಟನ್ನು ವಾಪಸು ಬಂದ 180 ದಿನದೊಳಗೆ ಬ್ಯಾಂಕಿಗೆ ಒಪ್ಪಿಸಬೇಕು, 2,000 ಡಾಲರಿನಷ್ಟು ಇಟ್ಟುಕೊಳ್ಳಬಹುದು. ನಾಣ್ಯಕ್ಕೆ ಮಾತ್ರ ನಮ್ಮ ಕಾನೂನಿನಲ್ಲಿ ಮಿತಿಯೇ ಇಲ್ಲ. ಕೌಂಟರಿನಲ್ಲಿ ಕೂತು ನಾನು ಜನರಿಗೆ ನಗುನಗುತ್ತಾ ಹೇಳಬಹುದಾಗಿದ್ದ ನಿಯಮ ಅದೊಂದೇ.

ಸ್ಟಾಕ್‌ಹೋಮಿನಲ್ಲಿ ಸಂಚಿ ಹಡಗಿನಲ್ಲೇ ಇರಲಿ. ಬಹಳಷ್ಟು ಅಂಗಡಿಗಳ ಬಾಗಿಲಲ್ಲಿ ‘ಕೊಂಟಾಂಟ್‌ಫ್ರಿಟ್’ ಎಂದು ಬರೆದಿರುತ್ತದೆ, ನಗದು ತೆಗೆದುಕೊಳ್ಳುವುದಿಲ್ಲ ಎಂದು. ಶೌಚಾಲಯಕ್ಕೂ ಕಾರ್ಡು. ಅಲ್ಲಿನವರು ತಮ್ಮತಮ್ಮಲ್ಲಿ ಸ್ವಿಶ್ ಎಂಬ ಆಪ್‌ನಲ್ಲಿ ಕಳಿಸಿಕೊಳ್ಳುತ್ತಾರೆ, ನಮ್ಮ ಯುಪಿಐ ಹಾಗೆ, ಆದರೆ ಅದಕ್ಕೆ ಸ್ವೀಡನ್ನಿನ ಬ್ಯಾಂಕ್ ಖಾತೆ ಬೇಕು. ಕಾಗದದ ನೋಟನ್ನು ಯುರೋಪಿಗೆ ತೋರಿಸಿಕೊಟ್ಟ ಊರೇ ಅದು ಎನ್ನುವುದು ನನಗೆ ಇವತ್ತಿಗೂ ತಮಾಷೆ. ಅವರಲ್ಲಿ ಬೆಳ್ಳಿ ಕಡಿಮೆ, ತಾಮ್ರ ಹೇರಳ. ಬೆಳ್ಳಿಯ ಬೆಲೆಗೆ ಸಮನಾದ ತಾಮ್ರದಲ್ಲೇ ನಾಣ್ಯ ಮಾಡಲು ಹೋಗಿ 1644ರಲ್ಲಿ ಹತ್ತು ದಾಲೆರಿನ ತಗಡು ಸುಮಾರು 20 ಕಿಲೋ ತೂಗಿತು. ಹೊರಲಾರದೆ 1661ರಲ್ಲಿ ಯೋಹಾನ್ ಪಾಲ್ಮ್‌ಸ್ಟ್ರುಕ್ ಎಂಬಾತನ ಬ್ಯಾಂಕು ಕಾಗದದ ನೋಟು ಕೊಟ್ಟಿತು. ಅತಿಯಾಗಿ ಅಚ್ಚು ಹಾಕಿ ಬ್ಯಾಂಕು ಮುಳುಗಿತು, ಅದರ ಜಾಗದಲ್ಲಿ 1668ರಲ್ಲಿ ಬಂದದ್ದೇ ಇವತ್ತಿಗೂ ಇರುವ ರಿಕ್ಸ್‌ಬ್ಯಾಂಕ್, ಜಗತ್ತಿನ ಅತಿ ಹಳೆಯ ಕೇಂದ್ರ ಬ್ಯಾಂಕು. ನಿಮ್ಮಪ್ಪನಿಗೆ ಈ ಕತೆ ಹೇಳು, ವಾಸಾ ಹಡಗಿನ ಮ್ಯೂಸಿಯಮ್ಮಿನ ಟಿಕೆಟ್ ದರ ಕೇಳಿ ಬಂದ ಬೇಸರ ಕಡಿಮೆಯಾದೀತು. ಒಂದು ವಿಷಯ ವಿಚಾರಿಸಿಕೋ: ಕೆಲವು ದೊಡ್ಡ ಹಡಗುಗಳು ಸ್ಟಾಕ್‌ಹೋಮ್ ಎಂದು ಹೇಳಿ ನ್ಯೂನೆಸ್‌ಹಾಮ್ನ್ ಎಂಬಲ್ಲಿ ನಿಲ್ಲುತ್ತವೆ, ಅಲ್ಲಿಂದ ನಗರ ಸುಮಾರು 60 ಕಿಲೋಮೀಟರ್. ರೈಲಿನ ಖರ್ಚು, ಹೊತ್ತು ಎರಡೂ ಹಾಳೆಗೆ ಸೇರಬೇಕು.

ಡೆನ್ಮಾರ್ಕಿಗೆ ನಗದೇ ಬೇಡ. ಪ್ರವಾಸಿಗರ ಅಂಗಡಿಯವರು ಯೂರೋ ತೆಗೆದುಕೊಂಡರೂ ತಮಗೆ ತೋಚಿದ ದರ ಹಾಕಿ ಚಿಲ್ಲರೆಯನ್ನು ಕ್ರೋನೆಯಲ್ಲಿ ಕೊಡುತ್ತಾರೆ, ಮತ್ತೆ ಅದನ್ನು ಖರ್ಚು ಮಾಡುವ ಪಾಡು. ಕಾರ್ಡು ತಾಗಿಸಿ ಮುಗಿಸು.

ಮೂರು ಕಾರ್ಡನ್ನೂ ಒಂದೇ ಚೀಲದಲ್ಲಿ ಇಡಬೇಡ. ಕಾರ್ಡು ಬಂದ್ ಮಾಡಿಸುವ ಬ್ಯಾಂಕಿನ ಫೋನ್ ನಂಬರನ್ನು, ಹೊರದೇಶದಿಂದ ಕರೆ ಮಾಡುವ ನಂಬರನ್ನೇ, ಕಾಗದದಲ್ಲಿ ಬರೆದು ನಿಮ್ಮಪ್ಪನ ಜೇಬಿಗೆ ಹಾಕು. 1800ರಿಂದ ಶುರುವಾಗುವ ಇಲ್ಲಿನ ಪುಕ್ಕಟೆ ನಂಬರು ಅಲ್ಲಿಂದ ಹತ್ತುವುದಿಲ್ಲ. ಬರುವ ಭಾನುವಾರ ನಿಮ್ಮಮ್ಮನನ್ನೂ ಕರೆದುಕೊಂಡು ಊಟಕ್ಕೆ ಬಾ. ಕಾರ್ಡುಗಳನ್ನೂ ಓಟಿಪಿ ಬರುವ ಫೋನನ್ನೂ ಮರೆಯದೆ ತಾ, ಆಪ್‌ನ ಗುಂಡಿಗಳನ್ನು ಒಟ್ಟಿಗೆ ಕೂತು ನೋಡೋಣ. ಯೂರೋ ಕೊಳ್ಳಲು ಸೋಮವಾರ ಬೆಳಗ್ಗೆ ನಾನೇ ಜೊತೆಗೆ ಬರುತ್ತೇನೆ, ಐದರ ನೋಟು ಇಲ್ಲ ಎಂದು ನನ್ನೆದುರು ಹೇಳಲಿ ನೋಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಮಾವ

ತಾ.ಕ.: ನಿನ್ನತ್ತೆ ಚಕ್ಕುಲಿ ಮಾಡಿಡುತ್ತಾಳಂತೆ. ಹಡಗಿಗೆ ತಿಂಡಿ ಒಯ್ಯಲು ಬಿಡುತ್ತಾರೆಯೇ ಎಂದು ಈಗಲೇ ಕೇಳಿ ತಿಳಿಸು, ಇಲ್ಲದಿದ್ದರೆ ಅವಳು ಎರಡು ಡಬ್ಬಿ ಕರಿದು ಕೂರುತ್ತಾಳೆ.